ಷರಾ ಕಾಲಮಿನಲ್ಲಿ ಬಿದ್ದಿರುವ ಕನ್ನಡ

ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1972ರಲ್ಲಿ ಶುರುವಾದಾಗ ಅದರ ವಿಳಾಸ ಮೇದಕ್ ಜಿಲ್ಲೆ, ಆಂಧ್ರಪ್ರದೇಶ. 2014ರ ಜೂನ್‌ನಲ್ಲಿ ರಾಜ್ಯ ತೆಲಂಗಾಣವಾಯಿತು. 2016ರ ಅಕ್ಟೋಬರ್‌ನಲ್ಲಿ ಜಿಲ್ಲೆ ಸಂಗಾರೆಡ್ಡಿಯಾಯಿತು. ಸಂಸ್ಥೆ ಮಾತ್ರ ಇದ್ದಲ್ಲಿಂದ ಕದಲಿಲ್ಲ. ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟು ಜಹೀರಾಬಾದ್ ದಾಟಿದರೆ ಸಿಗುವ ಕನ್ನಡ ಸೀಮೆಯ ಕತೆಯೂ ಇದೇ. 1973ರ ನವೆಂಬರ್‌ಗೆ ಮೊದಲು ಗುಲ್ಬರ್ಗದ ಹೊಲದಲ್ಲಿ ಆರಿಸಿದ ತೊಗರಿ ಮೈಸೂರು ರಾಜ್ಯದ್ದು. ಆಮೇಲೆ ಅದು ಕರ್ನಾಟಕದ್ದು. 2014ರ ನವೆಂಬರ್‌ನಿಂದ ಊರಿನ ಹೆಸರು ಕಲಬುರಗಿ. ಹೊಲ ಯಾದಗಿರಿ ಕಡೆಯದಾಗಿದ್ದರೆ ಈಗ ಜಿಲ್ಲೆಯೇ ಬೇರೆ.

ಇಕ್ರಿಸ್ಯಾಟಿನ ಜೀನ್ ಬ್ಯಾಂಕಿನಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ, ರಾಗಿ ಮತ್ತು ಸಿರಿಧಾನ್ಯಗಳ 1,20,000ಕ್ಕೂ ಹೆಚ್ಚು ಮಾದರಿಗಳಿವೆ. ಮೈನಸ್ 20 ಡಿಗ್ರಿಯ ಕೋಣೆಯಲ್ಲಿಟ್ಟ ಬೀಜ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಆದರೆ ಬೀಜದ ಜೊತೆ ಬಂದ ಮಾಹಿತಿಗೆ ಅಂಥ ಕೋಣೆಯಿಲ್ಲ. ಅದನ್ನು ಕಾಯಬೇಕಾದ್ದು ಡೇಟಾಬೇಸ್. ಡೇಟಾಬೇಸ್ ಕಟ್ಟುವವರೆಲ್ಲ ಬಾಯಿಪಾಠ ಮಾಡಿಕೊಂಡ ಮಾತೊಂದಿದೆ: 'ಯಾವ ಬದಲಾವಣೆಗೂ ಹೊಂದಿಕೊಳ್ಳುವ ತಂತ್ರಾಂಶ'. ಬಿಚ್ಚಿ ನೋಡಿದರೆ ಅದರ ಅರ್ಥ ಎಷ್ಟೋ ಸಲ ಇಷ್ಟೇ: ನಾಲ್ಕು ಖಾಲಿ ಕಾಲಂ, ಒಂದು ಷರಾ ಕಾಲಂ, ಮತ್ತು 'ಕನ್ನಡ, ತೆಲುಗು ಎಲ್ಲ ಆಮೇಲೆ ಸೇರಿಸಿಕೊಳ್ಳಬಹುದು' ಎಂಬ ಆಶ್ವಾಸನೆ. ಕೊನೆಯ ವಾರ ಅನುವಾದಕರನ್ನು ಕರೆಸುತ್ತಾರೆ. ಅವರು 'ಸಲ್ಲಿಸು', 'ಹುಡುಕು', 'ಹಿಂದಕ್ಕೆ' ಎಂದು ಬಟನ್ನುಗಳಿಗೆ ಕನ್ನಡ ಅಂಟಿಸಿ ಹೋಗುತ್ತಾರೆ. ಇದನ್ನು ಹೊಂದಿಕೊಳ್ಳುವಿಕೆ ಎನ್ನುವುದು ಗೋಡೆಗೆ ಬಣ್ಣ ಬಳಿದು ಮನೆಗೆ ಬಾಗಿಲಿಟ್ಟೆ ಎಂದಂತೆ.

ಇಕ್ರಿಸ್ಯಾಟ್ ಹುಟ್ಟಿದ ವರ್ಷವೇ, 1972ರಲ್ಲಿ, ಡೇವಿಡ್ ಪಾರ್ನಾಸ್ ಎಂಬ ಗಣಕ ವಿಜ್ಞಾನಿ ಈ ವಿಷಯದಲ್ಲಿ ಇಂದಿಗೂ ಹಳತಾಗದ ಪ್ರಬಂಧವೊಂದನ್ನು ಪ್ರಕಟಿಸಿದರು. ಅದರ ತಿರುಳು ಸರಳ. ತಂತ್ರಾಂಶವನ್ನು ಘಟಕಗಳಾಗಿ ಒಡೆಯುವಾಗ ಕೆಲಸದ ಹಂತಗಳನ್ನು ನೋಡಿ ಒಡೆಯಬೇಡಿ. ಮುಂದೆ ಯಾವ ಯಾವ ತೀರ್ಮಾನ ಬದಲಾಗಬಹುದು ಎಂದು ಪಟ್ಟಿ ಮಾಡಿ, ಅಂಥ ಒಂದೊಂದು ತೀರ್ಮಾನವನ್ನೂ ಒಂದೊಂದು ಘಟಕದೊಳಗೆ ಅಡಗಿಸಿಡಿ. ಹಾಗಾದರೆ ಬೀಜದ ಡೇಟಾಬೇಸಿನಲ್ಲಿ ಬದಲಾಗುವುದು ಏನು? ಬೀಜವಂತೂ ಅಲ್ಲ. ಅದರ ಹೆಸರು, ಊರು, ಗುಣವನ್ನು ಹೇಳುವ ಮಾತು. ಅಂದರೆ ಆಮೇಲೆ ನೋಡೋಣ ಎಂದು ಬದಿಗಿಟ್ಟ ಭಾಷೆಯೇ ಮೊದಲು ಯೋಚಿಸಬೇಕಾದ ಸಂಗತಿ.

ತೊಗರಿಯನ್ನೇ ತೆಗೆದುಕೊಳ್ಳಿ. ಇಕ್ರಿಸ್ಯಾಟಿನ ಲೆಕ್ಕದಲ್ಲಿ ಐಸಿಪಿ 8863 ಆಗಿರುವುದು ಕರ್ನಾಟಕದ ರೈತರಿಗೆ 'ಮಾರುತಿ'. ಐಸಿಪಿಎಲ್ 87119 ಎಂದರೆ 'ಆಶಾ'. ಮಾರುತಿ ಹೆಸರಾದದ್ದು ಗಿಡ ಬಾಡಿಸುವ ರೋಗವನ್ನು ತಡೆದುಕೊಳ್ಳುವ ಗುಣಕ್ಕೆ. ಆ ರೋಗ ಪಠ್ಯದಲ್ಲಿ ಸೊರಗು ರೋಗ, ಕಲಬುರಗಿಯ ಹೊಲದಲ್ಲಿ ನೆಟೆ ರೋಗ. ಬೀಜ ಒಂದೇ, ರೋಗ ಒಂದೇ, ಹೆಸರುಗಳು ಹಲವು. ಯಾವುದೂ ತಪ್ಪಲ್ಲ. ಒಂದೇ ಕಾಲಂ ಇರುವ ಡೇಟಾಬೇಸ್ ಮಾತ್ರ ಒಂದನ್ನು ಸರಿ ಮಾಡಿ ಉಳಿದವನ್ನು ಷರಾಕ್ಕೆ ತಳ್ಳುತ್ತದೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆದರಾಯಿತಲ್ಲ ಎನ್ನುವವರಿದ್ದಾರೆ. ಬೆಳೆ, ಬೇಳೆ, ಬೆಲೆ ಈ ಮೂರನ್ನೂ ಇಂಗ್ಲಿಷಿನಲ್ಲಿ ಬರೆದು ನೋಡಲಿ. ಮೂರಕ್ಕೂ ಅದೇ ನಾಲ್ಕು ಅಕ್ಷರ. ತೊಗರಿ ಬೆಳೆಯುವವರಿಗೆ ಈ ಮೂರರ ವ್ಯತ್ಯಾಸ ಬದುಕಿನ ಪ್ರಶ್ನೆ. ಇನ್ನು ಕಾಲಮಿನ ಅಗಲ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. 'ಕಲಬುರಗಿ' ಕಣ್ಣಿಗೆ ಐದು ಅಕ್ಷರ, ಯಂತ್ರಕ್ಕೆ ಏಳು ಸಂಕೇತ, ಒಟ್ಟು 21 ಬೈಟ್. ಊರಿನ ಹೆಸರಿಗೆ 20 ಬೈಟ್ ಸಾಕು ಎಂದು ಇಂಗ್ಲಿಷ್ ಮಾತ್ರ ಗೊತ್ತಿದ್ದ ದಿನಗಳಲ್ಲಿ ಯಾರೋ ತೀರ್ಮಾನಿಸಿದ್ದರೆ ಇಡೀ ಜಿಲ್ಲೆ ಒಂದು ಗುಡಿಸಿನ ದೆಸೆಯಿಂದ ಹೊರಗುಳಿಯುತ್ತದೆ.

ಇದು ಯಾರಿಗೂ ಹೊಳೆಯದ ಸಂಗತಿಯೇನಲ್ಲ. 1990ರ ದಶಕದಲ್ಲಿ ಸಿಮ್ಮಿಟ್, ಇರ್ರಿ ಮುಂತಾದ ಕೃಷಿ ಸಂಶೋಧನಾ ಸಂಸ್ಥೆಗಳು ಸೇರಿ ಕಟ್ಟಿದ ಅಂತರರಾಷ್ಟ್ರೀಯ ಬೆಳೆ ಮಾಹಿತಿ ವ್ಯವಸ್ಥೆಯಲ್ಲಿ ಹೆಸರುಗಳಿಗೆ ಬೇರೆಯೇ ಟೇಬಲ್ ಇತ್ತು. ಬೀಜಕ್ಕೊಂದು ಸಂಖ್ಯೆ. ಅದಕ್ಕೆ ಎಷ್ಟು ಹೆಸರು ಬೇಕಾದರೂ ಸೇರಬಹುದು. ಪ್ರತಿ ಹೆಸರಿಗೂ ಅದು ಯಾವ ಬಗೆಯದು, ಎಲ್ಲಿಯದು, ಯಾವಾಗಿನದು ಎಂಬ ವಿವರ. ಹಾಗಿದ್ದರೂ ಜೀನ್ ಬ್ಯಾಂಕುಗಳು ಪರಸ್ಪರ ಮಾಹಿತಿ ಕಳಿಸಲು ಬಳಸುವ ಜಾಗತಿಕ ನಮೂನೆಯಲ್ಲಿ ಎಲ್ಲ ಹೆಸರೂ ಒಂದೇ ಅಂಕಣಕ್ಕೆ ಬೀಳುತ್ತವೆ, ನಡುವೆ ಒಂದೊಂದು ಅರ್ಧವಿರಾಮ. ಮೊದಲ ಅಕ್ಷರ ದೊಡ್ಡಕ್ಷರವಾಗಿರಬೇಕು ಎಂಬ ಸೂಚನೆ ಬೇರೆ. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ತರುವುದು? ನಮೂನೆಯ ತಪ್ಪು ಇಲ್ಲಿ ಸಣ್ಣದು. ಅದು ಸಾಗಣೆಯ ಪೆಟ್ಟಿಗೆ, ಕಿರಿದಾಗಿರಲೇಬೇಕು. ಆ ಪೆಟ್ಟಿಗೆಯನ್ನೇ ಮನೆಯ ನಕ್ಷೆಯೆಂದು ತಿಳಿದು ಒಳಗಿನ ಟೇಬಲ್ಲುಗಳನ್ನೂ ಹಾಗೆಯೇ ಕಟ್ಟುವುದು ದೊಡ್ಡ ತಪ್ಪು.

ಇದಕ್ಕೆ ಬೇಸತ್ತವರು ಇನ್ನೊಂದು ತುದಿಗೆ ಹೋಗುತ್ತಾರೆ: ಯಾವ ಕಾಲಮೂ ಬೇಡ, 'ಗುಣ', 'ಬೆಲೆ' ಎಂದು ಎರಡೇ ಅಂಕಣವಿಟ್ಟು ಏನು ಬೇಕಾದರೂ ತುಂಬಿಕೊಳ್ಳಿ. ಇದು ಎಲ್ಲಕ್ಕೂ ಹೊಂದಿಕೊಳ್ಳುತ್ತದೆ, ನಿಜ. ಗಿಡದ ಎತ್ತರ 'ಕೆಂಪು' ಎಂದು ಬರೆದರೂ ತೆಗೆದುಕೊಳ್ಳುತ್ತದೆ. ಬೇಡ ಎನ್ನಲು ಬಾರದ ಘಟಕ ಹೊಂದಿಕೊಳ್ಳುವುದಿಲ್ಲ, ಸುಮ್ಮನೆ ಸಹಿಸಿಕೊಳ್ಳುತ್ತದೆ. ಬೆಳೆ ವಿಜ್ಞಾನಿಗಳು ಕಂಡುಕೊಂಡ ನಡುದಾರಿ ಇದಕ್ಕಿಂತ ಜಾಣತನದ್ದು: ಪ್ರತಿ ಅಳತೆಗೂ ಯಾವ ಗುಣ, ಅಳೆದ ವಿಧಾನ ಯಾವುದು, ಮಾನ ಯಾವುದು ಎಂಬ ಮೂರು ಉತ್ತರ ಕಡ್ಡಾಯ. ಹೊಸ ಗುಣ ಬಂದರೆ ಒಂದು ಸಾಲು ಸೇರಿಸಿದರೆ ಸಾಕು, ಟೇಬಲ್ ಒಡೆಯಬೇಕಿಲ್ಲ.

ಇದೇ ಕೆಲಸವನ್ನು ಕನ್ನಡ ವ್ಯಾಕರಣ ಶತಮಾನಗಳಿಂದ ಮಾಡುತ್ತ ಬಂದಿದೆ. ಬಸ್ ಬಂತು, ಬಸ್ಸಿಗೆ ಎಂದಾಯಿತು. ಕಂಪ್ಯೂಟರ್ ಬಂತು, ಕಂಪ್ಯೂಟರಿನಲ್ಲಿ ಎಂದಾಯಿತು. ಯಾವ ಭಾಷೆಯ ನಾಮಪದಕ್ಕೂ ಬಾಗಿಲು ತೆರೆದಿದೆ. ಆದರೆ ಒಳಗೆ ಬಂದದ್ದು ಕನ್ನಡದ ವಿಭಕ್ತಿಯನ್ನೇ ತೊಡಬೇಕು. ಪದಗಳ ಪಟ್ಟಿ ದಿನವೂ ಬೆಳೆಯುತ್ತದೆ, ವಿಭಕ್ತಿಗಳ ಪಟ್ಟಿ ಅಲುಗುವುದಿಲ್ಲ. ಯಾವುದು ಬೆಳೆಯಬೇಕು, ಯಾವುದು ನಿಲ್ಲಬೇಕು ಎಂಬ ಈ ವಿಂಗಡಣೆಯನ್ನೇ ತಂತ್ರಾಂಶ ವಿನ್ಯಾಸ ಎನ್ನುವುದು.

ಹೆಸರಿಗಾಗಿ ಇಷ್ಟು ರಗಳೆ ಏಕೆ ಎನ್ನುವವರು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಓದಬೇಕು. ತಳಿಯೊಂದರ ವಿಕಾಸದಲ್ಲಿ ತಮ್ಮ ಪಾಲಿದೆ ಎಂದು ಒಂದು ಊರಿನ ಜನರ ಪರವಾಗಿ ಹಕ್ಕು ಮಂಡಿಸಲು ಅದರ 41ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಹಾಗೆ ಬಂದವರ ಕೈಯಲ್ಲಿ ಸಾಕ್ಷಿ ಏನಿರುತ್ತದೆ? ಅಜ್ಜಿ ಕರೆಯುತ್ತಿದ್ದ ಹೆಸರು, ಬೀಜ ಒಯ್ದ ಊರು. ಆ ಹೆಸರು ಇಂಗ್ಲಿಷಿನಲ್ಲಿ ಕಲಸಿಹೋಗಿದ್ದರೆ, ಆ ಊರನ್ನು ಯಾರೋ ಹೊಸ ಹೆಸರಿಗೆ ತಿದ್ದಿ ಹಳೆಯದನ್ನು ಅಳಿಸಿದ್ದರೆ, ಕಾಯಿದೆ ಕೊಟ್ಟ ಬಾಗಿಲನ್ನು ಡೇಟಾಬೇಸ್ ಮುಚ್ಚಿದಂತೆ.

ಬೇಕಿರುವುದು ದೊಡ್ಡ ಯಂತ್ರವಲ್ಲ. ಹೆಸರಿಗೊಂದು ಟೇಬಲ್: ಹೆಸರು, ಭಾಷೆ, ಲಿಪಿ, ಎಲ್ಲಿ ಕೇಳಿದ್ದು, ಯಾವಾಗ, ಯಾರಿಂದ. ಊರಿಗೊಂದು ಟೇಬಲ್: ಆ ಹೆಸರು ಎಂದಿನಿಂದ ಎಂದಿನವರೆಗೆ. ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಹೊಸದನ್ನು ಬರೆಯುವ ನಿಯಮ. ಇದರಿಂದ ಹುಡುಕಾಟ ನಿಧಾನವಾಗುತ್ತದೆ ಎಂಬ ಆಕ್ಷೇಪಕ್ಕೆ ಲಕ್ಷಗಳ ಲೆಕ್ಕದಲ್ಲಿರುವ ಸಾಲುಗಳ ಮಟ್ಟಿಗೆ ಹುರುಳಿಲ್ಲ. ಬ್ಯಾಂಕು, ರೈಲ್ವೆಗಳು ದಿನವೂ ಅದಕ್ಕಿಂತ ದೊಡ್ಡ ರಾಶಿಯಲ್ಲಿ ಹುಡುಕುತ್ತಿವೆ.

ಮುಂದಿನ ಸಲ ಯಾರಾದರೂ ಎಲ್ಲಕ್ಕೂ ಹೊಂದಿಕೊಳ್ಳುವ ತಂತ್ರಾಂಶ ಮಾರಲು ಬಂದರೆ ಬಟನ್ನು ಕನ್ನಡದಲ್ಲಿದೆಯೇ ಎಂದು ಕೇಳಬೇಡಿ. ಕನ್ನಡದಲ್ಲಿ 'ಕಲಬುರಗಿ, ತೊಗರಿ' ಎಂದು ಟೈಪಿಸಿ, 1975ರಲ್ಲಿ ಗುಲ್ಬರ್ಗ ಎಂದು ಬರೆದಿಟ್ಟ ಮಾದರಿ ಹೊರಗೆ ಬರುತ್ತದೆಯೇ ನೋಡಿ. ಬರದಿದ್ದರೆ ಹಣ ಕೊಡಬೇಡಿ.