ನಾನಿದ್ದೀನಲ್ಲ

ನನ್ನ ತಂಗಿಯ ಮಗಳು ಹಾಯಿದೋಣಿಯಲ್ಲಿ ಸಂಸಾರ ಹೂಡಿದ್ದಾಳೆಂದು ತಿಳಿದಾಗ ನಮ್ಮ ಬೀದಿಯ ಹೆಂಗಸರೆಲ್ಲ, 'ಪುಣ್ಯವಂತೆ! ಗುಡಿಸುವ ಅಂಗಳವಿಲ್ಲ, ಹೊತ್ತುಗೊತ್ತಿಲ್ಲದೆ ಬರುವ ನೆಂಟರಿಲ್ಲ' ಎಂದರು. ಅಲ್ಲಿಗೂ ಹೋಗಿ ಹನ್ನೆರಡು ದಿನ ಇದ್ದು ಬಂದ ನೆಂಟರಲ್ಲಿ ನಾನೇ ಮೊದಲನೆಯವಳು. ಆ ಪುಣ್ಯದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಮೆಕ್ಸಿಕೋದ ಪಶ್ಚಿಮಕ್ಕೆ ಬಾಹಾ ಕ್ಯಾಲಿಫೋರ್ನಿಯಾ ಎಂಬ ಉದ್ದನೆಯ ಪರ್ಯಾಯದ್ವೀಪ. ಅದಕ್ಕೂ ಮೆಕ್ಸಿಕೋದ ಮುಖ್ಯ ನೆಲಕ್ಕೂ ನಡುವಿನದು ಕೊರ್ಟೆಸ್ ಸಮುದ್ರ. ಅಲ್ಲಿನ ಲಾ ಪಾಸ್ ಊರಿನ ಮುಂದೆ ಚಳಿಗಾಲದಲ್ಲಿ ಅಮೆರಿಕ, ಕೆನಡಾಗಳ ಹಾಯಿದೋಣಿಗಳು ಲಂಗರು ಹಾಕಿ ನಿಂತಿರುತ್ತವೆ. ಹೆಚ್ಚಿನವು ಗಂಡಹೆಂಡಿರ ದೋಣಿಗಳು. ಸುತ್ತ ಕಳ್ಳಿ ಬೆಳೆದ ಮರುಭೂಮಿ, ಸಿಹಿನೀರಿಗೆ ಬರ. ಇವರ ದೋಣಿ 34 ಅಡಿ, ನೀರಿನ ತೊಟ್ಟಿ 200 ಲೀಟರಿನದು. ಪಾತ್ರೆಗಳನ್ನು ಸಮುದ್ರದ ನೀರಿನಲ್ಲಿ ತಿಕ್ಕಿ ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ ಅಲಬಬೇಕು. ದೋಣಿ ವಾಲಿದರೂ ಪಾತ್ರೆ ನೆಟ್ಟಗಿರಲೆಂದು ಒಲೆ ತೊಟ್ಟಿಲಿನ ಹಾಗೆ ತೂಗುತ್ತದೆ. ಕುಕ್ಕರಿಗೆ ಅಲ್ಲಿ ಭಾರಿ ಮರ್ಯಾದೆ, ಮುಚ್ಚಳ ಬಿಗಿಯಲ್ಲವೇ. ಯಾವ ಮಂಚದಡಿಯ ಯಾವ ಖಾನೆಯಲ್ಲಿ ಎಷ್ಟು ಕಿಲೋ ತೊಗರಿಬೇಳೆ ಇದೆಯೆಂದು ಹುಡುಗಿ ಕಣ್ಣುಮುಚ್ಚಿ ಹೇಳುತ್ತಿದ್ದಳು. ಅಂಗಳ ಹೋಗಿತ್ತೇ ಹೊರತು ಒಲೆ ಬೆನ್ನಿಗೇ ಬಂದಿತ್ತು. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಬೇರೆ.

ಎಂಟನೆಯ ದಿನ ಎಸ್ಪಿರಿಟು ಸಾಂಟೋ ದ್ವೀಪದ ಮಗ್ಗುಲಲ್ಲಿದ್ದೆವು. ಅಳಿಯ (ಚಿಕ್ಕಂದಿನಿಂದ ನೋಡಿದ ಹುಡುಗ, ಅದಕ್ಕೇ ಏಕವಚನ) ರಬ್ಬರಿನ ಪುಟ್ಟ ದೋಣಿಯಲ್ಲಿ ದಡಕ್ಕೆ ಹೋಗಿದ್ದ. ಮಧ್ಯಾಹ್ನ ಬಡಗಣ ಗಾಳಿ ಎದ್ದಿತು; ಚಳಿಗಾಲದಲ್ಲಿ ಒಮ್ಮೆ ಎದ್ದರೆ ಅದು ದಿನಗಟ್ಟಲೆ ಬೀಸುವುದುಂಟು. ಬರುವ ದಾರಿಯಲ್ಲಿ ಅವನ ಮೋಟಾರು ನಿಂತುಹೋಯಿತು. ಹುಟ್ಟು ಹಾಕಿ ಹಾಕಿ ಸೋತು, ಬಯಲು ಸಮುದ್ರದ ಕಡೆಗೆ ತೇಲತೊಡಗಿದ.

'ಎಂಜಿನ್ ಶುರುಮಾಡೇ' ಎಂದೆ.

'ನಂಗೊತ್ತಿಲ್ಲ ದೊಡ್ಡಮ್ಮ, ಅದೆಲ್ಲ ಅವರೇ ನೋಡ್ಕೊಳ್ತಾರೆ.'

ರೇಡಿಯೋ ಕೈಯಲ್ಲಿತ್ತು. ಅಪಾಯದ ಕರೆಗೆ 16ನೇ ಚಾನೆಲ್ ಎಂಬುದು ಗೊತ್ತಿರಲಿಲ್ಲ. ಇಬ್ಬರೂ ಗಂಟಲು ಹರಿಯುವಂತೆ ಕೂಗಿಕೊಂಡೆವು. ಪಕ್ಕದ ದೋಣಿಯ ಕೆನಡಾದ ಅಜ್ಜಿ, ಎಪ್ಪತ್ತರ ಹತ್ತಿರದವಳು, ತನ್ನ ಪುಟ್ಟ ದೋಣಿಯಲ್ಲಿ ಹೋಗಿ ಅವನನ್ನು ಎಳೆದುತಂದಳು. ಅವಳ ಗಂಡ ಆಗ ಒಳಗೆ ಈರುಳ್ಳಿ ಹೆಚ್ಚುತ್ತಿದ್ದನಂತೆ.

ರಾತ್ರಿ ಊಟಕ್ಕೆ ಕೂತಾಗ ಅಳಿಯ ನಕ್ಕ. 'ಅವಳಿಗೆ ಎಂಜಿನ್ನು ಗಿಂಜಿನ್ನು ಯಾಕೆ ದೊಡ್ಡಮ್ಮ, ನಾನಿದ್ದೀನಲ್ಲ.' ಮಧ್ಯಾಹ್ನ ಮೂರು ಗಂಟೆಗೆ ಎಲ್ಲಿದ್ದೆಯಪ್ಪ ಎಂದು ಕೇಳಿದೆ.

ಪ್ರೀತಿಯ ಮಾತೇ ಅದು, ಇಲ್ಲವೆನ್ನುವುದಿಲ್ಲ. ಆದರೆ ಗಂಟೆಗೆ ಹತ್ತು ಕಿಲೋಮೀಟರು ಓಡುವ ದೋಣಿಯಿಂದ ಒಬ್ಬ ಜಾರಿ ಬಿದ್ದರೆ ಒಂದೇ ನಿಮಿಷದಲ್ಲಿ 160 ಮೀಟರಿಗೂ ಹಿಂದೆ ಉಳಿಯುತ್ತಾನೆ. ಅಲೆಗಳ ನಡುವೆ ಕಾಣುವುದು ತೆಂಗಿನಕಾಯಿಯಷ್ಟು ತಲೆ. ಹಾಯಿ ಇಳಿಸಿ ದೋಣಿ ತಿರುಗಿಸಬೇಕಾದವಳು ಅವಳೊಬ್ಬಳೇ. ಅವಳಿಗೆ ಕಲಿಸದವನು ತನ್ನ ಜೀವವನ್ನೇ ಪಣಕ್ಕಿಟ್ಟಿದ್ದಾನೆ, ಅವಳದನ್ನೂ ಸೇರಿಸಿ.

ಹೆಂಗಸರಿಗೆ ಕಸುವು ಸಾಲದು ಎನ್ನುವವರನ್ನು ಲಾ ಪಾಸಿನಲ್ಲಿ ಒಂದು ಬೆಳಿಗ್ಗೆ ಕೂರಿಸಬೇಕು. ಲಂಗರು ಎತ್ತುವಾಗ ಗಂಡ ಹಿಂದೆ ಚಕ್ರ ಹಿಡಿದು ನಿಂತು ಅರಚುತ್ತಾನೆ. ಮುಂದೆ ಬಗ್ಗಿ ಕಬ್ಬಿಣದ ಸರಪಣಿ ಜಗ್ಗುವವಳು ಹೆಂಡತಿ! ಎಲ್ಲ ಕಡೆ ಹೀಗೇ ಎನ್ನಲಾರೆ. ನಾನು ಕೂತು ನೋಡಿದ ಒಂಬತ್ತು ದೋಣಿಗಳಲ್ಲಿ ಏಳರಲ್ಲಿ ಹೀಗಿತ್ತು.

ಇಂಗ್ಲೆಂಡಿನ ಆನ್ ಡೇವಿಸನ್ ಎಂಬಾಕೆ 1949ರಲ್ಲಿ ಗಂಡನೊಡನೆ ಹೊರಟ ದೋಣಿ ಒಡೆದು ಅವನನ್ನು ಕಳೆದುಕೊಂಡಳು. 1952ರಲ್ಲಿ 23 ಅಡಿಯ ದೋಣಿಯಲ್ಲಿ ಒಬ್ಬಳೇ ಹೊರಟು ಮರುವರ್ಷ ಅಟ್ಲಾಂಟಿಕ್ ದಾಟಿದಳು. ಹಾಗೆ ಒಂಟಿಯಾಗಿ ದಾಟಿದ ಮೊದಲ ಹೆಂಗಸು ಆಕೆ. ನಮ್ಮ ನೌಕಾಪಡೆಯ ಆರು ಹೆಣ್ಣುಮಕ್ಕಳು 2017ರಲ್ಲಿ ಗೋವಾದಿಂದ 'ತಾರಿಣಿ'ಯಲ್ಲಿ ಹೊರಟು, ಭೂಮಿ ಸುತ್ತಿ 2018ರಲ್ಲಿ ಮರಳಿದರು. 'ನಾನಿದ್ದೀನಲ್ಲ' ಎನ್ನುವ ಗಂಡಸು ಅದರಲ್ಲಿರಲಿಲ್ಲ.

ಗಂಡಸರನ್ನಷ್ಟೇ ಬೈದು ಏಳುವ ಹಾಗೂ ಇಲ್ಲ. 'ಅದೆಲ್ಲ ನನಗೆ ತಿಳಿಯದಮ್ಮ' ಎನ್ನುವಾಗ ನಮ್ಮ ದನಿಯಲ್ಲೊಂದು ಬಿಂಕ ಇರುತ್ತದೆ. ಬ್ಯಾಂಕಿನ ಚಲನ್ ಮುಂದೆ ನಿಂತು ನಾನೂ ಎಷ್ಟೋ ವರ್ಷ ಹಾಗೆಂದವಳೇ. ಹುಡುಗಿಗೆ ಆ ರಾತ್ರಿ ಇದನ್ನೂ ಹೇಳಿದೆ. ಮುಖ ಊದಿಸಿಕೊಂಡಳು. ಬೆಳಿಗ್ಗೆ ಎದ್ದು ತಾನೇ ಅಜ್ಜಿಯನ್ನು ಕರೆದಳು.

ನಾನು ಹೊರಡುವ ಹಿಂದಿನ ದಿನ ಎಂಜಿನ್ ಅವಳ ಕೈಯಲ್ಲಿ ಮೂರನೆಯ ಸಲಕ್ಕೆ ಗುಡುಗುಟ್ಟಿತು. ಅಳಿಯ ಮುಂದೆ ನಿಂತು ಸರಪಣಿ ಎಳೆದ. ಲಂಗರು ಮೇಲೆ ಬಂದ ಮೇಲೆ ಬೆವರೊರೆಸಿಕೊಳ್ಳುತ್ತ ಅಡುಗೆಗೆ ಇಳಿದವನು ಕೆಳಗಿನಿಂದ ಕೂಗಿ ಕೇಳಿದ: 'ದೊಡ್ಡಮ್ಮಾ, ತೊಗರಿಬೇಳೆ ಯಾವ ಖಾನೆಯಲ್ಲಿದೆ?'

ಹುಡುಕು ಎಂದೆ.