ಕಿತ್ತೂರಿನ ಪೆಟ್ಟಿಗೆ, ಶಿಡ್ಲಘಟ್ಟದ ಗೋಪುರ

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಿಂದೆ ಹರಾಜೆಂದರೆ ಕೂಗಾಟ. ಈಗ ರೀಲರು ಕೈಯಲ್ಲಿನ ಮೊಬೈಲಿನಲ್ಲಿ ದರವನ್ನೊತ್ತಿ ಸುಮ್ಮನೆ ನಿಲ್ಲುತ್ತಾರೆ. ಆ ಗಳಿಗೆಯಲ್ಲಿ ಅಂತರ್ಜಾಲ ಕೈಕೊಟ್ಟಿತೋ, ಹರಾಜೂ ನಿಂತಿತು. ಚಿಂತಾಮಣಿಯ ಕಡೆಯಿಂದಲೋ ಗೌರಿಬಿದನೂರಿನ ಕಡೆಯಿಂದಲೋ ಗೂಡು ಹೊತ್ತು ಬಂದ ರೈತ ಕಾಯಬೇಕು. ಗೂಡಾದರೋ ಕಾಯುವ ಸರಕಲ್ಲ, ಹೊತ್ತು ಕಳೆದಂತೆ ಅದರ ತೂಕ ಇಳಿಯುತ್ತದೆ. ಹೀಗಿರುವಾಗ, ದರವನ್ನು ಹೊತ್ತೊಯ್ಯುವ ಯಂತ್ರ ಯಾರದು, ಕೆಟ್ಟರೆ ಯಾವ ದೇಶದ ಕಡೆಗೆ ನೋಡಬೇಕು ಎಂಬುದು ದೆಹಲಿಯವರ ಚಿಂತೆ ಮಾತ್ರವಲ್ಲ.

ಸ್ವಾತಂತ್ರ್ಯದ ಮರುವರ್ಷವೇ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾಯಿತು. ಕಾರ್ಖಾನೆ ನಮ್ಮದು, ದೂರವಾಣಿ ವಿನಿಮಯಯಂತ್ರಗಳ ವಿನ್ಯಾಸ ಮಾತ್ರ ಬಹುಕಾಲ ಪರರದು. ಈ ಸಾಲದ ವಿದ್ಯೆಯನ್ನು ಬಿಡಿಸಲೆಂದು 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದಕ್ಕೆ ಕೊಟ್ಟದ್ದು 36 ತಿಂಗಳ ಗಡುವು, 36 ಕೋಟಿ ರೂಪಾಯಿ. ಸ್ಯಾಮ್ ಪಿತ್ರೋಡಾ ಅವರ ಮುಂದಾಳುತನದಲ್ಲಿ ತರುಣ ಎಂಜಿನಿಯರುಗಳು ಮೊದಲು ಕೈಹಾಕಿದ್ದು ಮಹಾನಗರದ ಯಂತ್ರಕ್ಕಲ್ಲ, ಹಳ್ಳಿಯದಕ್ಕೆ. 128 ಸಂಪರ್ಕದ್ವಾರಗಳ ಆ ಪೆಟ್ಟಿಗೆಯನ್ನು 1986ರ ಜುಲೈಯಲ್ಲಿ ಪರೀಕ್ಷೆಗಿಟ್ಟದ್ದು ಎಲ್ಲಿ? ಚೆನ್ನಮ್ಮನ ಕಿತ್ತೂರಿನಲ್ಲಿ! ಪರದೇಶದ ಯಂತ್ರಗಳು ತಂಪು ಕೋಣೆಯನ್ನು ಬೇಡುತ್ತಿದ್ದವು. ಇದು ಬೇಡಲಿಲ್ಲ. ನಮ್ಮ ಸೆಕೆ, ನಮ್ಮ ಧೂಳು, ನಮ್ಮ ಅರೆಬರೆ ವಿದ್ಯುತ್ತು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದೇ ಅದನ್ನು ಕಟ್ಟಿದ್ದರು. ಸ್ವದೇಶಿ ಎಂಬ ಹೆಮ್ಮೆಗಿಂತ ಇದೇ ದೊಡ್ಡ ಸಂಗತಿ.

ಆದರೆ ಮೊಬೈಲಿನ ಯುಗ ಬಂದಾಗ ಕಥೆ ಮತ್ತೆ ಮೊದಲಿಗೆ ಬಂತು. ಗೋಪುರಗಳ ಮೇಲೆ ಯೂರೋಪಿನ, ಚೀನದ ಯಂತ್ರಗಳೇ ಏರಿ ಕುಳಿತವು. 2020ರಲ್ಲಿ ಗಲ್ವಾನ್ ಕಣಿವೆಯಲ್ಲಿ ರಕ್ತ ಹರಿದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು, ಬಿ.ಎಸ್.ಎನ್.ಎಲ್. ತನ್ನ 4ಜಿ ಟೆಂಡರನ್ನು ರದ್ದುಗೊಳಿಸಿತು. ಖಾಸಗಿ ಕಂಪೆನಿಗಳು 5ಜಿಗೆ ಹೋದರೂ ಅದರ ಗಿರಾಕಿಗಳು 4ಜಿಗಾಗಿ ಕಾದರು. ಸ್ವಾವಲಂಬನೆಯ ಬೆಲೆಯನ್ನು ತೆತ್ತವರಲ್ಲಿ ಇವರೂ ಸೇರಿದ್ದಾರೆಂಬುದನ್ನು ಭಾಷಣಗಳು ಹೇಳುವುದಿಲ್ಲ. ಕಡೆಗೆ 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿಯವರು ಸ್ವದೇಶಿ 4ಜಿ ಜಾಲವನ್ನು ಉದ್ಘಾಟಿಸಿದರು. ಜಾಲದ ತಿರುಳು ಅದೇ ಸಿ-ಡಾಟಿನದು. ಗೋಪುರದ ರೇಡಿಯೋ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ಎರಡನ್ನೂ ಬೆಸೆದದ್ದು ಟಾಟಾ ಕನ್ಸಲ್ಟೆನ್ಸಿ. ನಂದಿಬೆಟ್ಟದ ಮೇಲೆ ನಿಂತರೆ ಕಾಣುವಷ್ಟು ದೂರದಲ್ಲಿರುವ ಊರಿನ ವಿದ್ಯೆ ಅಂತೂ ಚಿಕ್ಕಬಳ್ಳಾಪುರದ ಗೋಪುರವನ್ನು ಏರುವ ಕಾಲ ಬಂತೆನ್ನಬೇಕು.

ಇಷ್ಟಾದರೂ ‘ಸ್ವದೇಶಿ’ ಎಂಬ ಮಾತನ್ನು ತುಸು ತಡೆದಾಡುವುದು ಲೇಸು. ಯಂತ್ರದೊಳಗಣ ಚಿಪ್ಪುಗಳಲ್ಲಿ ಹೆಚ್ಚಿನವು ಇಂದಿಗೂ ಕಡಲಾಚೆಯಿಂದ ಬರತಕ್ಕವು. ಶಿಡ್ಲಘಟ್ಟದವರಿಗೆ ಇದು ತಿಳಿಯದ ಸಂಗತಿಯಲ್ಲ. ರೇಷ್ಮೆ ನಮ್ಮದು, ಹಿಪ್ಪುನೇರಳೆ ನಮ್ಮದು. ಉತ್ತಮ ದರ್ಜೆಯ ನೂಲು ತೆಗೆಯುವ ಸ್ವಯಂಚಾಲಿತ ಯಂತ್ರವನ್ನು ಮಾತ್ರ ಚೀನದಿಂದಲೇ ತರಿಸಿದ್ದುಂಟು.