ಬಿಟ್ಟ ಕಾರಣ: ‘ಸ್ವಂತ’

ಕಾರ್ಖಾನೆಯಲ್ಲಿ ನನ್ನ ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರ್ ಇದೆ. ಕೆಲಸ ಬಿಟ್ಟು ಹೋಗುವವರ ಹೆಸರು, ಟೋಕನ್ ನಂಬರ್, ಸೇರಿದ ತಾರೀಖು, ಬಿಟ್ಟ ತಾರೀಖು ಎಲ್ಲ ಅದರಲ್ಲಿ ಬರೆಯಬೇಕು. ಕೊನೆಯ ಕಲಂ ‘ಬಿಟ್ಟ ಕಾರಣ’. ಆರು ವರ್ಷ ಆ ಕಲಂನಲ್ಲಿ ನಾನು ಬರೆದದ್ದು ಒಂದೇ ಪದ: ‘ಸ್ವಂತ’. ಪುಟದ ಮೇಲೆ ಒಂದು ಸಲ ಬರೆದುಬಿಟ್ಟರೆ, ಕೆಳಗಿನವರಿಗೆಲ್ಲ ಡಿಟ್ಟೋ ಗುರುತು ಹಾಕಿದರಾಯ್ತು.

ನಮ್ಮದು ಮಂಡ್ಯ ಕಡೆಯ ಗಾರ್ಮೆಂಟ್ಸ್. ಶರ್ಟು ಹೊಲಿಯುತ್ತೇವೆ. ನಾನು ಸಿಬ್ಬಂದಿ ವಿಭಾಗಕ್ಕೆ ಸೇರಿದಾಗ ಎರಡೇ ಲೈನು, ನೂರು ಚಿಲ್ಲರೆ ಜನ. ಆಮೇಲೆ ಆರ್ಡರ್ ಮೇಲೆ ಆರ್ಡರ್ ಬಂತು. ಮಾಲೀಕರು ಪಕ್ಕದ ಜಾಗವನ್ನೂ ತಗೊಂಡು ಇನ್ನೊಂದು ಶೆಡ್ಡು ಎತ್ತಿದರು. “ಇನ್ನೂ ಇನ್ನೂರು ಜನ ಬೇಕಮ್ಮ, ಹುಡುಕಿ” ಅಂದರು. ನಾನು ಹುಡುಕಿದೆ. ಆಟೋಗೆ ಮೈಕ್ ಕಟ್ಟಿ ಹಳ್ಳಿ ಹಳ್ಳಿಗೆ ಕಳಿಸಿದೆ. ಕರಪತ್ರ ಹಂಚಿಸಿದೆ. ಒಬ್ಬರನ್ನು ಕರೆತಂದವರಿಗೆ ಇಷ್ಟು ಅಂತ ಇನಾಮೂ ಇಟ್ಟೆವು. ಪ್ರತಿ ಸೋಮವಾರ ಗೇಟಿನ ಹತ್ತಿರ ಹೊಸಬರ ಸಾಲು. ಆ ವಾರ ಎಷ್ಟು ಜನ ಸೇರಿದರು ಅಂತ ಆಫೀಸಿನ ಬೋರ್ಡಿನಲ್ಲಿ ದೊಡ್ಡದಾಗಿ ಬರೀತಿದ್ದೆವು. ಹೋದವರ ಸಂಖ್ಯೆ ಬರೆಯಲು ಆ ಬೋರ್ಡಿನಲ್ಲಿ ಜಾಗವೇ ಇರಲಿಲ್ಲ.

ಹೀಗಿರುವಾಗ ನಮ್ಮ ಕಾಲರ್ ಅಕ್ಕ ಕೆಲಸ ಬಿಟ್ಟರು. ಹೆಸರು ಬೇರೆ ಇತ್ತು, ಶರ್ಟಿಗೆ ಕಾಲರ್ ಕೂರಿಸುವ ಕೆಲಸದಿಂದ ಎಲ್ಲರಿಗೂ ಕಾಲರ್ ಅಕ್ಕನೇ. ಶರ್ಟು ಹೊಲಿಯುವುದರಲ್ಲಿ ಕಷ್ಟದ ಕೆಲಸ ಅದು. ಎರಡು ತುದಿಯೂ ಒಂದೇ ಸಮ ಬರಬೇಕು, ಎಲ್ಲೂ ಸುಕ್ಕು ಬೀಳಬಾರದು. ಅಲ್ಲಿ ಕೈ ನಿಧಾನವಾದರೆ ಮುಂದಿನ ಮಷೀನುಗಳೆಲ್ಲ ಪೀಸಿಗಾಗಿ ಕಾಯುತ್ತಾ ಕೂರುತ್ತವೆ. ಅವರು ಬಂದು ಎದುರಿಗೆ ನಿಂತಾಗ ನಾನು ತಲೆ ಎತ್ತದೆ ಕಾಗದ ಮುಂದೆ ತಳ್ಳಿದೆ, ಸಹಿ ಹಾಕಿಸಿಕೊಂಡೆ, ರಿಜಿಸ್ಟರಿನಲ್ಲಿ ಡಿಟ್ಟೋ ಹಾಕಿದೆ. ಅವರು ಒಂದು ನಿಮಿಷ ಅಲ್ಲೇ ನಿಂತಿದ್ದರು. ಆಮೇಲೆ ಹೋದರು. ಅವರ ಜಾಗಕ್ಕೆ ಮೂವರನ್ನು ಕೂರಿಸಿ ನೋಡಿದೆವು. ಲೈನು ಹಳಿಗೆ ಬರಲು ಎರಡು ತಿಂಗಳು ಹಿಡಿಯಿತು.

ಅದೇ ವರ್ಷದ ಕೊನೆಗೆ, ಹಠಕ್ಕೆ ಬಿದ್ದವಳಂತೆ, ಒಂದು ಲೆಕ್ಕ ಹಾಕಿದೆ. ಲೆಕ್ಕ ಸುಲಭವೇ. ವರ್ಷದಲ್ಲಿ ಬಿಟ್ಟವರನ್ನು ಸರಾಸರಿ ಇದ್ದ ಜನರಿಂದ ಭಾಗಿಸಿ ನೂರರಿಂದ ಗುಣಿಸುವುದು. ನಮ್ಮಲ್ಲಿ ಸರಾಸರಿ 420 ಜನ, ಬಿಟ್ಟವರು 336. ಅಂದರೆ ಶೇಕಡಾ 80! ಇದೇನೂ ಹೊಸ ರೋಗವಲ್ಲ. 1913ರಲ್ಲಿ ಅಮೆರಿಕದ ಫೋರ್ಡ್ ಕಾರು ಕಾರ್ಖಾನೆಯಲ್ಲಿ ಇದು ಶೇಕಡಾ 370 ಇತ್ತಂತೆ. ಸುಮಾರು 14,000 ಜನರನ್ನು ಉಳಿಸಿಕೊಳ್ಳಲು ಆ ವರ್ಷ 52,000 ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಅಂತ ಘೋಷಿಸಿ, ಕೆಲಸದ ಅವಧಿಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದರು. ಇದನ್ನು ಮಾಲೀಕರಿಗೆ ಹೇಳಿದೆ. ಅವರು ನಕ್ಕು, “ಅವರು ಕಾರು ಮಾರ್ತಿದ್ರು ಕಣಮ್ಮ” ಅಂದರು. ಪಕ್ಕದಲ್ಲಿದ್ದ ಮ್ಯಾನೇಜರ್ ಸೇರಿಸಿದರು, “ಹೋಗೋರು ಹೋಗ್ಲಿ ಬಿಡಿ. ಹಳಬರಾದಷ್ಟೂ ಗ್ರಾಚ್ಯುಟಿ ಲೆಕ್ಕ ಬೆಳೆಯುತ್ತೆ.”

ಆ ಮಾತು ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ಕಾಯಂ ಕೆಲಸಗಾರರಿಗೆ ಗ್ರಾಚ್ಯುಟಿ ಸಿಗಬೇಕಾದರೆ ಐದು ವರ್ಷ ಸತತ ಸೇವೆ ಆಗಿರಬೇಕು. ಕಾಲರ್ ಅಕ್ಕನಿಗೆ ಆಗಿದ್ದದ್ದು ನಾಲ್ಕು ವರ್ಷ ಮೂರು ತಿಂಗಳು. ಲೆಕ್ಕಕ್ಕೆ ಬರುವ ತಿಂಗಳ ವೇತನ 13,000 ಅಂತ ಇಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ಹದಿನೈದು ದಿನಕ್ಕೆ 7,500. ಐದು ವರ್ಷಕ್ಕೆ 37,500 ರೂಪಾಯಿ. ಇನ್ನು ಒಂಬತ್ತು ತಿಂಗಳು ಇದ್ದಿದ್ದರೆ ಆ ದುಡ್ಡು ಅವರದಾಗುತ್ತಿತ್ತು. ನನಗೆ ಇದು ಗೊತ್ತಿತ್ತು. ಹೇಳುವುದು ನನ್ನ ಕೆಲಸವೂ ಆಗಿತ್ತು. ನಾನು ಹೇಳಲಿಲ್ಲ.

ಮುಂದಿನ ಸಂತೆ ದಿನ ಬಸ್ ಸ್ಟ್ಯಾಂಡಿನಲ್ಲಿ ಅವರೇ ಸಿಕ್ಕರು. ಪಕ್ಕದ ಊರಿನ ಫ್ಯಾಕ್ಟರಿಗೆ ಸೇರಿದ್ದರು. ಸಂಬಳ ಅಷ್ಟೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲವಲ್ಲ, ಇಲ್ಲಿ ಬೇಸರವಾದರೆ ಇನ್ನೊಂದೂರಿಗೆ ಹೋಗಿ ನೋಡುತ್ತಾರೆ. “ಯಾಕೆ ಬಿಟ್ರಿ ಅಕ್ಕ?” ಅಂದೆ.

“ಇವಾಗ ಕೇಳ್ತೀರಲ್ಲ ಮೇಡಂ” ಅಂತ ನಕ್ಕರು. ಆಮೇಲೆ ಹೇಳಿದರು. ಅವರ ತಂಗಿ ಮಗಳನ್ನು ಅವರೇ ಕರೆತಂದು ಅದೇ ಲೈನಿಗೆ ಸೇರಿಸಿದ್ದರು. ಒಂದು ದಿನ ಟಾರ್ಗೆಟ್ ಆಗಲಿಲ್ಲ ಅಂತ ಸೂಪರ್‌ವೈಸರ್ ಆ ಹುಡುಗಿಯ ಎದುರಿಗೇ ಇವರಿಗೆ ಬಾಯಿಗೆ ಬಂದಂತೆ ಬೈದ. “ನನ್ ವಯಸ್ಸಿಗಾದ್ರೂ ಬೆಲೆ ಬ್ಯಾಡ್ವಾ ಮೇಡಂ? ಮನೇಗ್ ಹೋಗಿ ಆ ಮಗು ಮುಖ ನೋಡಕ್ಕಾಗ್ಲಿಲ್ಲ.”

ಮರುವಾರದಿಂದ ನಾನು ಬಿಟ್ಟುಹೋದವರಿಗೆ ಫೋನು ಮಾಡಲು ಶುರು ಮಾಡಿದೆ. ತೊಂಬತ್ತು ಜನ ಮಾತಿಗೆ ಸಿಕ್ಕರು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಮೊದಲ ಮೂರು ತಿಂಗಳಲ್ಲೇ ಬಿಟ್ಟವರು. ಸೇರಿದ ವಾರವೇ ಹಳಬರ ಟಾರ್ಗೆಟ್ ಹೇರಿದ್ದೆವು, ಹೆದರಿ ಓಡಿದ್ದರು. ಕೆಲವರ ಬಸ್ಸು ಊರು ಬಿಡುವುದೇ ನಮ್ಮ ಗೇಟು ಹಾಕುವ ಹೊತ್ತಿಗೆ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ಬಿಟ್ಟವರಿದ್ದರು. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕು ಅಂತ ಆಗ ಜಾರಿಯಲ್ಲಿದ್ದ 1948ರ ಕಾಯ್ದೆಯೇ ಹೇಳುತ್ತಿತ್ತು. ನಮ್ಮಲ್ಲೂ ಇತ್ತು, ಆದರೆ ನೋಡಿಕೊಳ್ಳುವ ಆಯಾ ವಾರಕ್ಕೆ ಮೂರು ದಿನ ಪ್ಯಾಕಿಂಗ್ ವಿಭಾಗದಲ್ಲಿ ಇರುತ್ತಿದ್ದಳು!

ನನಗೆ ಹೆಚ್ಚು ಆಶ್ಚರ್ಯವಾದದ್ದು ಪಿ.ಎಫ್. ವಿಷಯ. ದುಡ್ಡಿನ ತುರ್ತು ಬಂದಾಗ ಪಿ.ಎಫ್. ತೆಗೆಯೋಕೆ ಅಂತಲೇ ಕೆಲಸ ಬಿಟ್ಟವರು ಎಷ್ಟೋ ಜನ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೀದಿಗಿಳಿದಿದ್ದು ನಿಮಗೆ ನೆನಪಿರಬಹುದು. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮಕ್ಕೆ ಅವರು ಸಿಟ್ಟಾಗಿದ್ದರು. ಕೊನೆಗೆ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಇವರಿಗೆ ಇರುವ ಉಳಿತಾಯ ಅದೊಂದೇ. ಕಾಯಿಲೆಯ ಖರ್ಚಿಗಾದರೆ ಕೆಲಸದಲ್ಲಿದ್ದುಕೊಂಡೇ ಮುಂಗಡ ತೆಗೆಯಬಹುದು. ಗಂಡನ ಆಪರೇಷನ್ನಿಗೆ ಅಂತ ಕೆಲಸ ಬಿಟ್ಟ ಒಬ್ಬಾಕೆಗೆ ಅದು ಗೊತ್ತಿರಲಿಲ್ಲ.

ಈ ಪಟ್ಟಿ ಹಿಡಿದು ಮಾಲೀಕರ ಮುಂದೆ ಕೂತೆ. ಕಾಲರ್ ಅಕ್ಕ ಹೋದ ಎರಡು ತಿಂಗಳಲ್ಲಿ ಆ ಲೈನಿನಿಂದ ಎಷ್ಟು ಪೀಸು ಕಡಿಮೆ ಬಂತು, ಓವರ್‌ಟೈಮ್ ಎಷ್ಟು ಕೊಟ್ಟೆವು ಅನ್ನೋದನ್ನೂ ಬರೆದಿಟ್ಟಿದ್ದೆ. ಅದು ಅವರ ಗ್ರಾಚ್ಯುಟಿಗಿಂತ ದೊಡ್ಡ ಮೊತ್ತ. ಮ್ಯಾನೇಜರ್ ಮಾತಾಡಲಿಲ್ಲ. ಕೆಲಸ ಶುರುವಾಗುವ ಹೊತ್ತನ್ನು ಬಸ್ಸಿಗೆ ಹೊಂದುವಂತೆ ಕಾಲು ಗಂಟೆ ಮುಂದಕ್ಕೆ ಹಾಕಿದೆವು. ಹೊಸಬರನ್ನು ಮೊದಲ ಹದಿನೈದು ದಿನ ಹಳಬರ ಪಕ್ಕ ಕೂರಿಸಿದೆವು. ಆಯಾ ತನ್ನ ಜಾಗಕ್ಕೆ ಮರಳಿದಳು. ಆ ಸೂಪರ್‌ವೈಸರನ್ನು ಸ್ಟೋರಿಗೆ ಹಾಕಿದರು. ಜೂನ್‌ನಲ್ಲಿ ಶಾಲೆ ಶುರುವಾಗುವುದು, ಭತ್ತದ ಕಟಾವು, ಊರ ಹಬ್ಬ ಎಲ್ಲ ಗುರುತು ಹಾಕಿದ ಕ್ಯಾಲೆಂಡರ್ ಈಗ ನನ್ನ ಗೋಡೆ ಮೇಲಿದೆ. ಯಾವ ತಿಂಗಳು ಎಷ್ಟು ಜನ ಕಡಿಮೆ ಬೀಳುತ್ತಾರೆ ಅಂತ ನೋಡಿಕೊಂಡೇ ಆರ್ಡರಿನ ತಾರೀಖು ಒಪ್ಪಿಕೊಳ್ಳುತ್ತಾರೆ.

ಸಂಬಳ ಮಾತ್ರ ಹೆಚ್ಚಾಗಲಿಲ್ಲ. ಕೇಳುವುದನ್ನು ನಾನೂ ಬಿಟ್ಟಿಲ್ಲ. ಮುಂದಿನ ವರ್ಷ ಸರಾಸರಿ 520 ಜನರಲ್ಲಿ 260 ಮಂದಿ ಬಿಟ್ಟರು. ಶೇಕಡಾ 50. ಈಗಲೂ ಇಬ್ಬರಿಗೊಬ್ಬರು! ಕಾಲರ್ ಅಕ್ಕನನ್ನು ಎರಡು ಸಲ ಕರೆದೆ, ಬರಲಿಲ್ಲ. ಅವರ ಐದು ವರ್ಷ ಆ ಫ್ಯಾಕ್ಟರಿಯಲ್ಲಿ ಒಂದರಿಂದ ಮತ್ತೆ ಶುರುವಾಗಿದೆ.

ಮೊನ್ನೆ ಒಬ್ಬ ಹುಡುಗಿ ಕೆಲಸ ಬಿಡ್ತೀನಿ ಅಂತ ಬಂದಳು. ಕಾಜ ಹಾಕುವ ಮಷೀನಿನವಳು, ಒಳ್ಳೆ ಕೈ. “ಯಾಕಮ್ಮ?” ಅಂದೆ.

“ಸ್ವಂತ ಕಾರಣ ಮೇಡಂ” ಅಂದಳು, ಪಾಠ ಒಪ್ಪಿಸಿದ ಹಾಗೆ.

ಪೆನ್ನು ಮುಚ್ಚಿಟ್ಟು, ಎದುರಿಗೆ ಕುರ್ಚಿ ಎಳೆದು, ಎರಡು ಟೀ ಹೇಳಿದೆ.